ಮೈಕ್ರೊವೇವ್‌ನಲ್ಲಿ ಮೀನು ಗಸಿ: ಅಂಚು ಕುದಿಯುತ್ತದೆ, ನಡು ತಣ್ಣಗೆ. ಎಂತ ಮಾಡುವುದು?

ಕದ್ರಿಗುಡ್ಡೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೆ ಹೊಸದಾಗಿ ಮೈಕ್ರೊವೇವ್ ಬಂದಿದೆ. ನಾವಿಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೊರಡುವವರು. ಅತ್ತೆಗೆ ಈಗ ಗ್ಯಾಸ್ ಹಚ್ಚುವಾಗ ಕೈ ನಡುಗುತ್ತದೆ, ಒಮ್ಮೊಮ್ಮೆ ಒಲೆ ಆರಿಸಲು ಮರೆಯುತ್ತಾರೆ. ಮಧ್ಯಾಹ್ನದ ಊಟ ಅವರೇ ಬಿಸಿ ಮಾಡಿಕೊಳ್ಳಲಿ ಅಂತ ತಂದದ್ದು.

ಬಂಗುಡೆ ಗಸಿ ಬಿಸಿಗೆ ಇಟ್ಟರೆ ಬಟ್ಟಲಿನ ಅಂಚಿನಲ್ಲಿ ಕೊತಕೊತ ಕುದಿಯುತ್ತದೆ. ಮಸಾಲೆ ಒಳಗೋಡೆಗೆಲ್ಲ ಸಿಡಿಯುತ್ತದೆ. ನಡುವಿನ ಮೀನು ಮಾತ್ರ ಫ್ರಿಜ್‌ನಿಂದ ಈಗಷ್ಟೇ ತೆಗೆದ ಹಾಗೆ ತಣ್ಣಗೆ. ಸಮಯ ಜಾಸ್ತಿ ಕೊಟ್ಟರೆ ಅಂಚಿನ ತುಂಡು ಅಗಿಯಲಿಕ್ಕೇ ಆಗುವುದಿಲ್ಲ. ಮೆಷಿನ್‌ನಲ್ಲೇ ದೋಷ ಉಂಟಾ, ಅಥವಾ ಇಡುವ ಕ್ರಮ ಬೇರೆ ಇದೆಯಾ? ಮಣ್ಣಿನ ಪಾತ್ರೆಯಲ್ಲೇ ಇಡಬಹುದಾ ಅಂತ ಅತ್ತೆ ಕೇಳುತ್ತಿದ್ದಾರೆ. ಇದರಲ್ಲಿ ಬಿಸಿ ಮಾಡುವುದು ಮಾತ್ರವಾ, ಅಡುಗೆಯೂ ಆಗುತ್ತದಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಬಿಜೈ ಅಡುಗೆಮನೆ

ಮೆಷಿನ್ ಸರಿಯಾಗಿಯೇ ಉಂಟು ಅಕ್ಕ, ಮಂಡೆಬಿಸಿ ಬೇಡ. ಮೈಕ್ರೊವೇವ್ ಒಳಗಿನಿಂದ ಹೊರಗೆ ಬೇಯಿಸುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗಲ್ಲ. ಅಲೆಗಳು ಆಹಾರದೊಳಗೆ ಚೆನ್ನಾಗಿ ಇಳಿಯುವುದು ಎರಡು ಮೂರು ಸೆಂಟಿಮೀಟರ್ ಮಾತ್ರ. ಅಷ್ಟು ಪದರದಲ್ಲಿರುವ ನೀರು, ಎಣ್ಣೆ, ಸಕ್ಕರೆ ಬಿಸಿಯಾಗುತ್ತವೆ. ಅದರಿಂದ ಒಳಗೆ ಬಿಸಿ ನಿಧಾನಕ್ಕೆ ಹರಡಿಕೊಂಡು ಹೋಗಬೇಕು. ಸಾರು ತೆಳ್ಳಗಿರುವುದರಿಂದ ಅದರೊಳಗೆ ಬಿಸಿ ಬೇಗ ಓಡಾಡುತ್ತದೆ. ಕಾಯಿ ಅರೆದು ಹಾಕಿದ ಗಸಿ ದಪ್ಪ. ಬಿಸಿಯಾದದ್ದು ಬಿಸಿಯಾದಲ್ಲೇ, ತಣ್ಣಗಿದ್ದದ್ದು ತಣ್ಣಗಿದ್ದಲ್ಲೇ ನಿಲ್ಲುತ್ತದೆ. ಅಂಚಿನಲ್ಲಿ ಗುಳ್ಳೆ ಒಡೆದು ಸಿಡಿಯುವುದೂ ಅದಕ್ಕೇ.

ಕಣ್ಣಾರೆ ನೋಡಬೇಕಾದರೆ ಹಪ್ಪಳ ಇಟ್ಟು ನೋಡಿ. ತಿರುಗುವ ಗಾಜಿನ ತಟ್ಟೆ ಮತ್ತು ಅದರಡಿಯ ಚಕ್ರ ತೆಗೆದಿಡಿ. ನಡುವಿನ ತಿರುಗುವ ಗುಬುಟಿಗೆ ತಾಗದ ಹಾಗೆ ಒಂದು ಗಾಜಿನ ಬಟ್ಟಲು ಬೋರಲು ಇಟ್ಟು, ಅದರ ಮೇಲೆ ಅಗಲ ತಟ್ಟೆಯಲ್ಲಿ ಹಸಿ ಉದ್ದಿನ ಹಪ್ಪಳ ಹರಡಿ. ಅರ್ಧ ನಿಮಿಷದೊಳಗೆ ಗೊತ್ತಾಗುತ್ತದೆ. ಒಂದೇ ಹಪ್ಪಳದ ಈ ತುದಿ ಬೆಳ್ಳಗೆ ಅರಳಿ ಗುಳ್ಳೆ ಎದ್ದಿರುತ್ತದೆ, ನಾಲ್ಕು ಬೆರಳು ಆಚೆ ಇನ್ನೂ ಹಳದಿ, ಬಗ್ಗಿಸಿದರೆ ಬಗ್ಗುತ್ತದೆ. ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಗೋಡೆಗೆ ಬಡಿದು ವಾಪಸ್ ಬರುವಾಗ ಕೆಲವು ಜಾಗದಲ್ಲಿ ಬಲ ಜಾಸ್ತಿಯಾಗುತ್ತದೆ, ಕೆಲವು ಕಡೆ ಇಲ್ಲದ ಹಾಗೆ ಆಗುತ್ತದೆ. ಬಿಸಿ ಜಾಗಗಳು ಹೆಚ್ಚುಕಡಿಮೆ 6 ಸೆಂಟಿಮೀಟರ್‌ಗೆ ಒಂದರಂತೆ ಬೀಳುತ್ತವೆ. ತಟ್ಟೆ ತಿರುಗುವುದು ಇದನ್ನು ಸರಿತೂಗಿಸಲಿಕ್ಕೆ. ತಟ್ಟೆಯ ನಟ್ಟನಡು ಮಾತ್ರ ತಿರುಗಿದರೂ ಇದ್ದಲ್ಲೇ ಇರುತ್ತದೆ, ಅದನ್ನು ನೆನಪಿಡಿ.

ಈಗ ನಿಮ್ಮ ಗಸಿ. ಆಳದ ಬಟ್ಟಲು ಬೇಡ, ಅಗಲದ್ದು ತಗೊಳ್ಳಿ. ಮೀನಿನ ತುಂಡುಗಳನ್ನು ಸುತ್ತ ಬಳೆಯ ಹಾಗೆ ಜೋಡಿಸಿ ನಡು ಖಾಲಿ ಬಿಡಿ. ದಪ್ಪ ಭಾಗ ಹೊರಗಿರಲಿ, ಬಾಲದ ಕಡೆ ಒಳಗೆ. ಗಸಿ ಗಟ್ಟಿಯಾಗಿದ್ದರೆ ಎರಡು ಚಮಚ ನೀರು. ಮುಚ್ಚಳ ಸಡಿಲವಾಗಿ ಮುಚ್ಚಿ. ಫುಲ್ ಪವರ್ ಬೇಡ, 70 ಪರ್ಸೆಂಟ್‌ನಲ್ಲಿ ಒಂದೂವರೆ ನಿಮಿಷ ಇಟ್ಟು ತೆಗೆಯಿರಿ. ಅಂಚಿನ ಗಸಿಯನ್ನು ನಡುವಿಗೆ ಎಳೆದು ಕಲಸಿ, ಮೀನು ಮಗುಚಿ, ಮತ್ತೆ ಅಷ್ಟೇ ಹೊತ್ತು. ಆಮೇಲೆ ಮುಚ್ಚಳ ತೆಗೆಯದೆ ಎರಡು ನಿಮಿಷ ಸುಮ್ನೆ ಬಿಡಿ. ಅಂಚಿನ ಬಿಸಿ ನಡುವಿಗೆ ಹೋಗುವುದು ಆ ಎರಡು ನಿಮಿಷದಲ್ಲೇ. ಬೀಪ್ ಆದ ಕೂಡಲೇ ಬಡಿಸುವುದರಿಂದಲೇ ಅರ್ಧ ತೊಂದರೆ ಬರುವುದು.

ಅಜ್ಜರಕಾಡು

ನಾನು ವಯಸ್ಸಾದವನು, ಉಡುಪಿಯಲ್ಲಿ ಮಗನ ಮನೆಯಲ್ಲಿ ಇದ್ದೇನೆ. ಇವರ ಮನೆಯಲ್ಲೂ ಈ ಪೆಟ್ಟಿಗೆ ಉಂಟು. ಅದರ ವಿಕಿರಣ ಊಟಕ್ಕೆ ಸೇರುತ್ತದೆ, ಎದುರು ನಿಂತರೆ ಮೈಗೆ ಒಳ್ಳೆಯದಲ್ಲ ಅಂತ ವಾಟ್ಸಾಪ್‌ನಲ್ಲಿ ಬರುತ್ತಲೇ ಇರುತ್ತದೆ. ಫೋನನ್ನು ಒಳಗಿಟ್ಟು ಬಾಗಿಲು ಹಾಕಿ ಕರೆ ಮಾಡಿ, ರಿಂಗ್ ಆದರೆ ಲೀಕ್ ಉಂಟು ಅಂತಲೂ ಒಬ್ಬರು ಕಳಿಸಿದ್ದರು. ಹೆದರಿಸಲಿಕ್ಕೆ ಕೇಳುತ್ತಿಲ್ಲ. ಸರಿಯಾಗಿ ತಿಳಿಯಬೇಕು ಅಂತ ಆಸೆ.

ಕಲ್ಸಂಕ ರಿಪೇರಿ

ಒಳ್ಳೆ ಪ್ರಶ್ನೆ ಕೇಳಿದಿರಿ ಸರ್. ನಾನು ಇದೇ ಕೆಲಸ ಮಾಡುವವನು, ಗೊತ್ತಿದ್ದಷ್ಟು ಹೇಳುತ್ತೇನೆ.

ಒಳಗೆ ಈ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್ ಅಂತ ಒಂದು ಭಾಗ ಇರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ರೇಡಾರ್‌ಗೆ ಬಳಸಿದ್ದೂ ಅದನ್ನೇ. ಅಮೆರಿಕದ ರೇಥಿಯಾನ್ ಕಂಪನಿಯಲ್ಲಿದ್ದ ಪರ್ಸಿ ಸ್ಪೆನ್ಸರ್ ಅವರು 1945ರ ಹೊತ್ತಿಗೆ ಅದರಿಂದ ಅಡುಗೆ ಮಾಡಬಹುದು ಅಂತ ಕಂಡುಕೊಂಡರು. 1947ರಲ್ಲಿ ಮಾರಾಟಕ್ಕೆ ಬಂದ ಮೊದಲ ಮೆಷಿನ್ ಆಳೆತ್ತರ ಇತ್ತು, ತೂಕ 300 ಕಿಲೋಗೂ ಮೇಲೆ. ಅಡುಗೆಮನೆಯ ಕಟ್ಟೆಯ ಮೇಲೆ ಕೂರುವಂಥದ್ದು ಬಂದದ್ದು 1967ರಲ್ಲಿ. ಅಂದರೆ ಇದು ನಿನ್ನೆ ಮೊನ್ನೆಯ ವಸ್ತು ಅಲ್ಲ.

ಇದರ ಅಲೆ 2450 ಮೆಗಾಹರ್ಟ್ಸ್. ವೈಫೈ ಕೆಲಸ ಮಾಡುವುದೂ ಅದರ ಹತ್ತಿರದಲ್ಲೇ. ಎಕ್ಸ್‌ರೇಯಂತೆ ಅಣುವನ್ನು ಒಡೆಯುವ ಶಕ್ತಿ ಇದಕ್ಕಿಲ್ಲ, ಬಿಸಿ ಮಾಡುತ್ತದೆ ಅಷ್ಟೆ. ಮೆಷಿನ್ ನಿಂತ ಕೂಡಲೇ ಅಲೆಯೂ ನಿಲ್ಲುತ್ತದೆ, ಊಟದಲ್ಲಿ ಏನೂ ಉಳಿಯುವುದಿಲ್ಲ. ಬಾಗಿಲಿನ ಗಾಜಿನ ಒಳಗೆ ಸಣ್ಣ ಸಣ್ಣ ತೂತಿನ ಲೋಹದ ಜಾಲರಿ ಉಂಟಲ್ಲ, 12 ಸೆಂಟಿಮೀಟರ್ ಉದ್ದದ ಅಲೆ ಆ ತೂತಿನಲ್ಲಿ ದಾಟಲಾರದು. ಬೆಳಕು ದಾಟುತ್ತದೆ, ಹಾಗಾಗಿ ಒಳಗೆ ಕಾಣುತ್ತದೆ. ಮೆಷಿನ್‌ನಿಂದ 5 ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರ್‌ಗೆ 5 ಮಿಲಿವಾಟ್‌ಗಿಂತ ಹೆಚ್ಚು ಸೋರಬಾರದು ಅಂತ ಮಿತಿ ಇದೆ. ಒಂದು ಮೊಳ ಹಿಂದೆ ನಿಂತರೆ ಅದು ಇನ್ನೂ ಎಷ್ಟೋ ಪಾಲು ಕಮ್ಮಿಯಾಗುತ್ತದೆ.

ಫೋನ್ ಪರೀಕ್ಷೆ ನಂಬಬೇಡಿ. ಫೋನ್ ತುಂಬಾ ಸಣ್ಣ ಸಿಗ್ನಲ್ ಹಿಡಿದೂ ರಿಂಗ್ ಆಗುತ್ತದೆ, ಬೇರೆ ತರಂಗದಲ್ಲೂ ಕೆಲಸ ಮಾಡುತ್ತದೆ. ಅದರಿಂದ ಲೀಕ್ ಗೊತ್ತಾಗುವುದಿಲ್ಲ. ಯಾರಾದರೂ ಮರೆತು ಬಟನ್ ಒತ್ತಿದರೆ ಬ್ಯಾಟರಿಗೆ ಬೆಂಕಿ ಹಿಡಿಯಬಹುದು.

ನೀವು ನೋಡಬೇಕಾದದ್ದು ಬಾಗಿಲನ್ನು. ಸರಿಯಾಗಿ ಕೂರುತ್ತದಾ, ಕೀಲು ಸಡಿಲ ಆಗಿದೆಯಾ, ಅಂಚಿನಲ್ಲಿ ಜಿಡ್ಡು ಗಟ್ಟಿಯಾಗಿ ಎಡೆ ಬಿಟ್ಟಿದೆಯಾ, ಬಾಗಿಲು ತೆರೆದ ಕೂಡಲೇ ಮೆಷಿನ್ ನಿಲ್ಲುತ್ತದಾ. ಇದರಲ್ಲಿ ಒಂದು ತಪ್ಪಿದರೂ ರಿಪೇರಿ ಆಗುವ ತನಕ ಬಳಸಬೇಡಿ. ಮತ್ತೆ ದಯವಿಟ್ಟು ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಹಿಂದಿನ ಕವರ್ ಬಿಚ್ಚಬೇಡಿ. ಒಳಗೆ ಕರೆಂಟ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್‌ನಲ್ಲಿ 2000 ವೋಲ್ಟ್‌ಗೂ ಮೇಲೆ ಇರಬಹುದು, ಪ್ಲಗ್ ತೆಗೆದ ಮೇಲೂ ಉಳಿದಿರಬಹುದು. ಟಿವಿ, ಮಿಕ್ಸಿ ಬಿಚ್ಚಿದ ಅನುಭವ ಇದಕ್ಕೆ ಸಾಕಾಗುವುದಿಲ್ಲ. ಜೀವ ಹೋಗುವ ವಿಷಯ ಇದು.

ಅಜ್ಜರಕಾಡು

ಧನ್ಯವಾದ. ಜಾಲರಿಯ ವಿಷಯ ಈಗ ಸರಿಯಾಗಿ ಅರ್ಥವಾಯಿತು. ಹಾಗಾದರೆ ಪ್ಲಗ್ ಯಾವುದಕ್ಕೆ ಹಾಕಬೇಕು? ಇಲ್ಲಿ ಮಿಕ್ಸಿಯ ಎಕ್ಸ್‌ಟೆನ್ಶನ್ ಬಾಕ್ಸಿಗೇ ಇದನ್ನೂ ಸಿಕ್ಕಿಸಿದ್ದಾರೆ.

ಕಲ್ಸಂಕ ರಿಪೇರಿ

ಇವತ್ತೇ ತೆಗೆಸಿ ಸರ್. 900 ವಾಟ್ ಅಂತ ಬರೆದದ್ದು ಊಟಕ್ಕೆ ತಲುಪುವ ಶಕ್ತಿ. ಗೋಡೆಯಿಂದ ಎಳೆಯುವುದು 1400 ವಾಟ್ ಹತ್ತಿರ, ಅಂದರೆ 6 ಆಂಪಿಯರ್‌ಗೂ ಮೇಲೆ. ಕನ್ವೆಕ್ಷನ್, ಅಂದರೆ ಬಿಸಿಗಾಳಿಯಲ್ಲಿ ಬೇಯಿಸುವ ಸೌಕರ್ಯ ಇದ್ದದ್ದು ಇನ್ನೂ ಜಾಸ್ತಿ ಎಳೆಯುತ್ತದೆ. ಸಣ್ಣ ಪ್ಲಗ್ ಪಾಯಿಂಟ್, ಎಕ್ಸ್‌ಟೆನ್ಶನ್ ಬಾಕ್ಸ್ ಎರಡೂ ಆಗುವುದಿಲ್ಲ. ದೊಡ್ಡ ಮೂರು ಪಿನ್ನಿನ 16 ಆಂಪಿಯರ್ ಪವರ್ ಪಾಯಿಂಟ್ ಬೇಕು, ಅದರಲ್ಲಿ ಬೇರೆ ಏನೂ ಬೇಡ.

ಅರ್ತಿಂಗ್ ನೋಡಿಸಿ. ಮೆಷಿನ್ ಮುಟ್ಟಿದಾಗ ಜುಂ ಅಂದರೆ ಅರ್ತ್ ಸರಿ ಇಲ್ಲ ಅಂತಲೇ ಲೆಕ್ಕ. ನಮ್ಮ ಮುರಕಲ್ಲಿನ ನೆಲ ಮಾರ್ಚ್ ತಿಂಗಳಿಂದ ಮಳೆ ಬರುವ ತನಕ ಒಣಗಿ ಕಲ್ಲಾಗಿರುತ್ತದೆ. ಅರ್ತ್ ಗುಂಡಿಗೆ ಆಗಾಗ ನೀರು ಹೊಯ್ಯಬೇಕು. ಮಳೆ ಶುರುವಾಗುವ ಮೊದಲಿನ ಗುಡುಗು ಸಿಡಿಲಿನ ದಿನಗಳಲ್ಲಿ ಪ್ಲಗ್ಗನ್ನೇ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಕಾಗುವುದಿಲ್ಲ. ಮೆಸ್ಕಾಂ ಲೈನಿಗೆ ಸಿಡಿಲು ಬಡಿದರೆ ಮೊದಲು ಹೋಗುವುದು ಇಂಥ ಮೆಷಿನ್‌ನ ಬೋರ್ಡ್.

ಕಡಲ ಗಾಳಿಗೆ ಬೇರೆ ಜಾಗ್ರತೆ ಬೇಕು. ಬಿಸಿ ಮಾಡಿ ಮುಗಿದ ಮೇಲೆ ಒಳಗಿನ ಹಬೆ ನೀರನ್ನು ಒರೆಸಿ, ಸ್ವಲ್ಪ ಹೊತ್ತು ಬಾಗಿಲು ತೆರೆದಿಡಿ. ತಟ್ಟೆಯ ಅಡಿಯಲ್ಲಿ ನೀರು ನಿಂತರೆ ಪೇಂಟ್ ಏಳುತ್ತದೆ, ತುಕ್ಕು ಹಿಡಿಯುತ್ತದೆ, ಆಮೇಲೆ ಅಲ್ಲೇ ಕಿಡಿ ಬರಲು ಶುರುವಾಗುತ್ತದೆ.

ಉರ್ವಸ್ಟೋರ್

ಕಿಡಿ ಅಂದಿರಿ. ನಮ್ಮದರಲ್ಲಿ ಬಲಗಡೆ ಗೋಡೆಯಲ್ಲಿ ಚಟಪಟ ಕಿಡಿ ಬರುತ್ತಿದೆ. ಪಾತ್ರೆ ಗಾಜಿನದ್ದೇ. ಅಂಗಡಿಯವರು ಮೆಷಿನ್ ಬದಲಿಸಿ ಅಂತ ಹೇಳಿದರು.

ಕಲ್ಸಂಕ ರಿಪೇರಿ

ಬಲಗಡೆ ಗೋಡೆಯಲ್ಲಿ ಬೂದು ಬಣ್ಣದ ತೆಳು ಹಾಳೆ ಉಂಟಲ್ಲ, ಅದು ಮೈಕಾ. ಅಲೆ ಬರುವ ಬಾಯಿಯನ್ನು ಮುಚ್ಚುವುದಕ್ಕೆ ಇರುವಂಥದ್ದು. ಅದರ ಮೇಲೆ ಎಣ್ಣೆ, ಮಸಾಲೆ ಸಿಡಿದು ಕರಿಯಾದರೆ ಆ ಕರಿ ಜಾಗದಲ್ಲಿ ಕಿಡಿ ಹಾರುತ್ತದೆ. ಬಳಸುವುದು ನಿಲ್ಲಿಸಿ. ಹಾಳೆ ಬದಲಿಸುವುದು ಸಣ್ಣ ಖರ್ಚಿನ ಕೆಲಸ, ಹೆಚ್ಚಿನ ಸಲ ಅಷ್ಟರಲ್ಲೇ ಸರಿಯಾಗುತ್ತದೆ. ಹೊಸ ಮೆಷಿನ್ ತೆಗೆಯುವ ಮೊದಲು ಇನ್ನೊಬ್ಬರಿಗೆ ತೋರಿಸಿ. ಹಾಳೆ ಇಲ್ಲದೆ ಮಾತ್ರ ಓಡಿಸಬೇಡಿ.

ಕದ್ರಿಗುಡ್ಡೆ

ಬಿಜೈ ಅಕ್ಕ ಹೇಳಿದ ಹಾಗೆ ಮಾಡಿದೆ, ಗಸಿ ಒಂದೇ ಸಮ ಬಿಸಿಯಾಯಿತು. ಇನ್ನು ಪಾತ್ರೆಯ ವಿಷಯ ಯಾರಾದರೂ ಹೇಳಿ. ಅತ್ತೆ ಕಣ್ಣಿಗೆ ಕಂಡ ಪಾತ್ರೆ ಇಟ್ಟುಬಿಡುತ್ತಾರೋ ಅಂತ ನನಗೆ ಹೆದರಿಕೆ.

ಮಣ್ಣಗುಡ್ಡೆ

ಅತ್ತೆಗೆ ಎರಡೇ ಗಾಜಿನ ಬಟ್ಟಲು ಗುರುತು ಮಾಡಿ ಕೊಡಿ. ಬಿಸಿ ತಡೆಯುವ ಬೋರೋಸಿಲಿಕೇಟ್ ಗಾಜು, ಮುಚ್ಚಳ ಇರುವಂಥದ್ದು. ಅವೇ ಬಟ್ಟಲಿನಲ್ಲಿ ಬೆಳಿಗ್ಗೆ ನೀವೇ ಊಟ ತುಂಬಿಸಿ ಫ್ರಿಜ್‌ನಲ್ಲಿಟ್ಟರೆ ಅವರು ಆರಿಸುವ ಕೆಲಸವೇ ಇರುವುದಿಲ್ಲ. ಬಿಸಿ ಬಟ್ಟಲನ್ನು ಒದ್ದೆ ಕಲ್ಲಿನ ಮೇಲೆ ಇಡಬಾರದು, ಗಾಜು ಒಡೆಯುತ್ತದೆ. ಪಕ್ಕದಲ್ಲಿ ಒಣ ಬಟ್ಟೆ ಮಡಚಿಡಿ.

ಸ್ಟೀಲ್ ಪಾತ್ರೆ ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ, ಒಳಗಿದ್ದದ್ದು ಸರಿಯಾಗಿ ಬಿಸಿಯಾಗುವುದಿಲ್ಲ. ಅಂಚು, ಚಮಚದ ತುದಿ, ಅಲ್ಯೂಮಿನಿಯಂ ಫಾಯಿಲ್‌ನ ಮಡಿಕೆ, ಪಾರ್ಸೆಲ್‌ನ ಸ್ಟೇಪಲ್ ಪಿನ್, ಪಿಂಗಾಣಿ ತಟ್ಟೆಯ ಚಿನ್ನದ ಗೆರೆ, ಇವುಗಳಿಂದೆಲ್ಲ ಕಿಡಿ ಬರುತ್ತದೆ. ಮೆಲಮೈನ್ ತಟ್ಟೆ ಬೇಡವೇ ಬೇಡ. ನೋಡಲಿಕ್ಕೆ ಪಿಂಗಾಣಿಯ ಹಾಗೆ ಇರುತ್ತದೆ, ಆದರೆ ಅದು ಪ್ಲಾಸ್ಟಿಕ್. ಬಿಸಿಗೆ ಅದರ ಅಂಶ ಊಟಕ್ಕೆ ಇಳಿಯುತ್ತದೆ. ಐಸ್‌ಕ್ರೀಮ್ ಡಬ್ಬಿ, ಮೊಸರಿನ ಕಪ್, ಹೋಟೆಲ್ ಸಾಂಬಾರಿನ ತೆಳು ಕವರ್ ಯಾವುದೂ ಆಗುವುದಿಲ್ಲ. ಪ್ಲಾಸ್ಟಿಕ್ಕೇ ಬೇಕಾದರೆ ಮೈಕ್ರೊವೇವ್ ಗುರುತು ಇದ್ದದ್ದು ಮಾತ್ರ, ಅದರಲ್ಲೂ ಎಣ್ಣೆ ಜಾಸ್ತಿ ಇರುವುದನ್ನು ಬಿಸಿ ಮಾಡಬಾರದು. ಎಣ್ಣೆ ನೀರಿಗಿಂತ ಎಷ್ಟೋ ಹೆಚ್ಚು ಬಿಸಿಯಾಗಿ ಪ್ಲಾಸ್ಟಿಕ್ ಕರಗಿಸುತ್ತದೆ. ನ್ಯೂಸ್‌ಪೇಪರ್‌ನಲ್ಲಿ ಕಟ್ಟಿದ ಪೋಡಿ ಹಾಗೆಯೇ ಒಳಗೆ ಹೋಗಬಾರದು. ಶಾಯಿ ತಿಂಡಿಗೆ ಹತ್ತುತ್ತದೆ, ಕಾಗದಕ್ಕೆ ಬೆಂಕಿಯೂ ಹಿಡಿಯಬಹುದು.

ಅನುಮಾನ ಇರುವ ಪಿಂಗಾಣಿಯನ್ನು ಹೀಗೆ ಪರೀಕ್ಷಿಸಿ. ಖಾಲಿ ಪಾತ್ರೆ ಒಳಗಿಡಿ, ಅದರ ಪಕ್ಕ ಗಾಜಿನ ಲೋಟದಲ್ಲಿ ನೀರು ಇಡಿ, ಒಂದು ನಿಮಿಷ ಓಡಿಸಿ. ನೀರು ಬಿಸಿಯಾಗಿ ಪಾತ್ರೆ ತಣ್ಣಗಿದ್ದರೆ ಅಡ್ಡಿಯಿಲ್ಲ. ಪಾತ್ರೆಯೇ ಬಿಸಿಯಾದರೆ ಅದು ಈ ಕೆಲಸಕ್ಕಲ್ಲ. ನೀರಿನ ಲೋಟ ಇಲ್ಲದೆ ಮಾಡಬೇಡಿ, ಮೆಷಿನ್ ಖಾಲಿ ಓಡಿದರೆ ಮ್ಯಾಗ್ನೆಟ್ರಾನ್‌ಗೆ ಪೆಟ್ಟು.

ಮಣ್ಣಿನ ಪಾತ್ರೆ ಬಗ್ಗೆ ಅತ್ತೆಗೆ ಹೇಳಿ, ಅದರ ಮೈಯಲ್ಲೇ ನೀರು ಇಂಗಿರುತ್ತದೆ. ಆ ನೀರು ಕಾದು ಪಾತ್ರೆ ಕೈಸುಡುವಷ್ಟು ಬಿಸಿಯಾಗುತ್ತದೆ, ಬಿರುಕೂ ಬಿಡಬಹುದು. ಗಸಿ ಅದರಲ್ಲೇ ಇರಲಿ, ರುಚಿ ಅದರದ್ದೇ. ಬೇಕಾದಷ್ಟನ್ನು ಗಾಜಿನ ಬಟ್ಟಲಿಗೆ ಬಗ್ಗಿಸಿಕೊಂಡು ಬಿಸಿ ಮಾಡಲಿ.

ಎಕ್ಕೂರು ಮೀನು

ಎಕ್ಕೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವನು ನಾನು. ಕದ್ರಿ ಅಕ್ಕ ಬಂಗುಡೆ ಅಂದಕಾರಣ ಇದನ್ನು ಬರೆಯಲೇಬೇಕು ಅನ್ನಿಸಿತು.

ಬಿಸಿ ಮಾಡಿದರೆ ಹಾಳಾದದ್ದೂ ಸರಿಯಾಗುತ್ತದೆ ಅನ್ನುವ ನಂಬಿಕೆ ಎಲ್ಲ ಮನೆಯಲ್ಲೂ ಇದೆ. ಬಂಗುಡೆ, ಬೂತಾಯಿಯ ವಿಷಯದಲ್ಲಿ ಅದು ಅಪಾಯ. ಈ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಅನ್ನುವ ಅಂಶ ಜಾಸ್ತಿ. ಐಸ್ ಇಲ್ಲದೆ ಸೆಕೆಯಲ್ಲಿ ಬಿದ್ದಿದ್ದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ತಿಂದವರಿಗೆ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗುತ್ತದೆ, ತಲೆ ಸಿಡಿಯುತ್ತದೆ, ಮೈಯೆಲ್ಲ ದಡಿಕೆ ಏಳುತ್ತದೆ. ಎಷ್ಟು ಕುದಿಸಿದರೂ ಹಿಸ್ಟಮಿನ್ ಹೋಗುವುದಿಲ್ಲ. ಮೈಕ್ರೊವೇವ್ ಆಗಲಿ ಸೌದೆ ಒಲೆಯಾಗಲಿ, ಎರಡೂ ಒಂದೇ. ಬಾಯಿಗಿಟ್ಟ ಕೂಡಲೇ ನಾಲಗೆ ಚುರುಚುರು ಅಂದರೆ ಆ ಮೀನು ತಿನ್ನಬೇಡಿ. ಹಾಗೆ ಅನ್ನಿಸಲಿಲ್ಲ ಅಂತ ಮೀನು ಸರಿ ಇದೆ ಅಂತಲೂ ಅಲ್ಲ.

ಅನ್ನದ್ದೂ ಇದೇ ಕಥೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಹೊರಗೆ ಉಳಿದರೆ ಅವು ಮೊಳೆತು ವಿಷ ಬಿಡುತ್ತವೆ. ವಾಂತಿ ತರುವ ಆ ವಿಷ ಮತ್ತೆ ಬಿಸಿ ಮಾಡಿದರೂ ಉಳಿಯುತ್ತದೆ.

ಹಾಗಾಗಿ ಬಿಸಿ ಮಾಡುವಾಗಿನ ಸುರಕ್ಷತೆ ಬೆಳಿಗ್ಗೆಯೇ ಶುರುವಾಗಬೇಕು. ಅಡುಗೆ ಆದ ಮೇಲೆ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಹೊರಗೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಿನ ಅಡುಗೆಮನೆ ದಿನಾ ಅಷ್ಟು ಕಾಯುತ್ತದೆ, ಅಲ್ವಾ? ದೊಡ್ಡ ಪಾತ್ರೆಯಲ್ಲಿ ಹಾಗೇ ಇಟ್ಟರೆ ನಡು ತಣ್ಣಗಾಗಲು ತುಂಬಾ ಹೊತ್ತು ಬೇಕು. ಅಗಲ ಡಬ್ಬಿಗಳಲ್ಲಿ ತೆಳುವಾಗಿ ಹರಡಿ ಇಡಿ. ಮತ್ತೆ ಬಿಸಿ ಮಾಡುವಾಗ ಎಲ್ಲ ಕಡೆ 74 ಡಿಗ್ರಿ ಮುಟ್ಟಬೇಕು. ಅಡುಗೆಯ ಥರ್ಮಾಮೀಟರ್ ಇದ್ದರೆ ಬಟ್ಟಲಿನ ನಡುವಿಗೇ ಚುಚ್ಚಿ ನೋಡಿ, ಅಂಚಿಗಲ್ಲ. ಇಲ್ಲದಿದ್ದರೆ ಕಲಸಿದಾಗ ನಡುವಿನಿಂದಲೂ ಜೋರಾಗಿ ಹಬೆ ಏಳಬೇಕು. ಬೇಕಾದಷ್ಟನ್ನೇ ತೆಗೆದು ಒಂದೇ ಸಲ ಬಿಸಿ ಮಾಡಿ. ಉಳಿದದ್ದನ್ನು ಮತ್ತೆ ಫ್ರಿಜ್‌ಗೆ ತಳ್ಳುವುದು, ಮತ್ತೆ ತೆಗೆಯುವುದು ಬೇಡ.

ಅಜ್ಜರಕಾಡು

ಮೀನು ಗಸಿ ಮರುದಿನವೇ ರುಚಿ ಅಂತ ನಮ್ಮ ಕಡೆ ಎಲ್ಲರೂ ಹೇಳುವುದು. ನಾವು ರಾತ್ರಿ ಪೂರಾ ಒಲೆಯ ಮೇಲೇ ಬಿಡುತ್ತಿದ್ದೆವು, ಏನೂ ಆಗಲಿಲ್ಲವಲ್ಲ?

ಎಕ್ಕೂರು ಮೀನು

ರುಚಿಯ ಮಾತು ನಿಜ ಸರ್, ಹುಳಿ ಖಾರ ಮೀನಿಗೆ ಇಳಿಯಲು ಹೊತ್ತು ಬೇಕು. ಹುಳಿ ಜಾಸ್ತಿ ಇದ್ದರೆ ಬ್ಯಾಕ್ಟೀರಿಯಾ ಬೆಳೆಯುವುದೂ ನಿಧಾನ. ರಾತ್ರಿ ಕುದಿಸಿ, ಬೆಳಿಗ್ಗೆ ಮತ್ತೆ ಕುದಿಸುವ ಪದ್ಧತಿಯೂ ಇತ್ತು. ಆದರೆ ಕಾಯಿ ಹಾಕಿದ ಗಸಿ ಬೇಗ ಕೆಡುತ್ತದೆ. ಫ್ರಿಜ್‌ನಲ್ಲಿಟ್ಟರೂ ಮರುದಿನದ ರುಚಿ ಬಂದೇ ಬರುತ್ತದೆ. ವಯಸ್ಸಾದವರು, ಮಕ್ಕಳು, ಬಸುರಿಯರು ಇರುವ ಮನೆಯಲ್ಲಿ ಹೊರಗೆ ಬಿಡುವ ಧೈರ್ಯ ಬೇಡ ಅಂತ ನನ್ನ ಕಳಕಳಿ.

ಮಣಿಪಾಲ ರೂಮ್

ನಾವು ನಾಲ್ವರು ಹುಡುಗರು ರೂಮ್ ಮಾಡಿಕೊಂಡಿದ್ದೇವೆ, ಗ್ಯಾಸ್ ಇಲ್ಲ, ಮೈಕ್ರೊವೇವ್ ಮಾತ್ರ. ಮೊಟ್ಟೆ ಬೇಯಿಸಬಹುದಾ? ಚಹಾಕ್ಕೆ ನೀರು?

ಬಿಜೈ ಅಡುಗೆಮನೆ

ಚಿಪ್ಪಿನ ಮೊಟ್ಟೆ ಇಡಲೇಬೇಡಿ ತಮ್ಮ. ಒಳಗೆ ಹಬೆ ತುಂಬಿ ಸಿಡಿಯುತ್ತದೆ. ಬೇಯಿಸಿ ಸುಲಿದ ಮೊಟ್ಟೆಯನ್ನು ಬಿಸಿ ಮಾಡಿದರೂ ಹಾಗೆಯೇ, ಅದು ಒಳಗೆ ಸಿಡಿಯದೆ ಬಾಯಲ್ಲಿ ಕಚ್ಚಿದಾಗಲೂ ಸಿಡಿಯಬಹುದು. ಒಡೆದು, ಉಪ್ಪು ಖಾರ ಈರುಳ್ಳಿ ಹಾಕಿ ಚೆನ್ನಾಗಿ ಕಡೆದು, ಗಾಜಿನ ಬಟ್ಟಲಿನಲ್ಲಿ ಅರ್ಧರ್ಧ ನಿಮಿಷಕ್ಕೆ ಕಲಸುತ್ತಾ ಬೇಯಿಸಿ. ಮೆತ್ತಗಿನ ಮೊಟ್ಟೆ ಪಲ್ಯ ಆಗುತ್ತದೆ.

ನೀರಿನ ವಿಷಯ ಗಂಭೀರ. ಹೊಸ ನುಣುಪು ಕಪ್‌ನಲ್ಲಿ ಬರೀ ನೀರು ಇಟ್ಟರೆ ಅದು 100 ಡಿಗ್ರಿ ದಾಟಿದರೂ ಗುಳ್ಳೆ ಏಳದೆ ಸುಮ್ನೆ ನಿಂತಿರಬಹುದು. ಹೊರಗೆ ತೆಗೆದು ಚಹಾಪುಡಿ ಹಾಕಿದ ಕೂಡಲೇ ಒಮ್ಮೆಲೇ ಉಕ್ಕಿ ಮುಖ, ಕೈಗೆ ಹಾರುತ್ತದೆ. ಮೊದಲೇ ಒಂದು ಮರದ ಚಮಚ ಒಳಗೆ ಇಟ್ಟಿರಿ, ಬೇಕಾದ್ದಕ್ಕಿಂತ ಜಾಸ್ತಿ ಸಮಯ ಕೊಡಬೇಡಿ, ನಿಂತ ಮೇಲೆ ಅರ್ಧ ನಿಮಿಷ ಮುಟ್ಟಬೇಡಿ. ಒಮ್ಮೆ ಕಾಯಿಸಿದ ನೀರನ್ನು ಮತ್ತೆ ಕಾಯಿಸುವಾಗ ಈ ಅಪಾಯ ಜಾಸ್ತಿ.

ಎಣ್ಣೆ ಇಟ್ಟು ಕರಿಯುವುದು ಬೇಡ. ಎಷ್ಟು ಕಾದಿದೆ ಅಂತ ತಿಳಿಯುವ ದಾರಿ ಇಲ್ಲ. ಒಳಗೆ ಏನಾದರೂ ಹೊತ್ತಿಕೊಂಡರೆ ಬಾಗಿಲು ತೆರೆಯಬೇಡಿ. ಸ್ವಿಚ್ ಆರಿಸಿ, ಪ್ಲಗ್ ತೆಗೆಯಿರಿ. ಗಾಳಿ ಸಿಗದೆ ಬೆಂಕಿ ಅಲ್ಲೇ ನಂದುತ್ತದೆ.

ಕೊಡಿಯಾಲ್‌ಬೈಲ್

ಮಗುವಿನ ಹಾಲಿನ ಬಾಟಲಿ ಬಿಸಿ ಮಾಡಬಹುದಾ? ಮಗಳು ಬಾಣಂತನಕ್ಕೆ ಬಂದಿದ್ದಾಳೆ.

ಎಕ್ಕೂರು ಮೀನು

ಬೇಡ ಅಮ್ಮ. ಬಾಟಲಿ ಹೊರಗೆ ಉಗುರುಬೆಚ್ಚಗಿದ್ದರೂ ಒಳಗಿನ ಹಾಲಿನಲ್ಲಿ ಒಂದೊಂದು ಕಡೆ ಬಾಯಿ ಸುಡುವಷ್ಟು ಬಿಸಿ ಇರಬಹುದು. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ, ಅಲುಗಾಡಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ ಕೊಡಿ.

ಮಟ್ಟು ಕಡೆಯವಳು

ಎಲ್ಲರೂ ಹೆದರಿಸಿದ್ದೇ ಆಯಿತು, ಅಡುಗೆಯ ಬಗ್ಗೆ ಸ್ವಲ್ಪ ಬರೆಯುತ್ತೇನೆ. ತರಕಾರಿಗೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಅಲಸಂಡೆ ಕಾಲು ಕಿಲೋ ಸಣ್ಣಗೆ ತುಂಡು ಮಾಡಿ, ಎರಡು ಮೂರು ಚಮಚ ನೀರು ಚಿಮುಕಿಸಿ, ಮುಚ್ಚಿ ಐದಾರು ನಿಮಿಷ. ನಡುವೆ ಒಮ್ಮೆ ಕಲಸಿ. ಉಪ್ಪು ಕೊನೆಗೆ ಹಾಕಿ, ಮೊದಲೇ ಮೇಲೆ ಉದುರಿಸಿದರೆ ಅಲ್ಲಲ್ಲಿ ಒಣಗಿ ಸುಕ್ಕಾಗುತ್ತದೆ. ಬಣ್ಣ ಹಸುರಾಗಿಯೇ ಉಳಿಯುತ್ತದೆ. ನೀರು ಕಮ್ಮಿ ಇರುವುದರಿಂದ ವಿಟಮಿನ್ ಸಿ ಕೂಡ ನೀರಿನ ಜೊತೆ ಚೆಲ್ಲಿ ಹೋಗುವುದಿಲ್ಲ. ಆಮೇಲೆ ಒಲೆಯ ಮೇಲೆ ತೆಂಗಿನೆಣ್ಣೆಯಲ್ಲಿ ಸಾಸಿವೆ, ಬೇವಿನಸೊಪ್ಪು ಒಗ್ಗರಣೆ ಕೊಟ್ಟು ಕಾಯಿತುರಿ ಸೇರಿಸಿದರೆ ಪಲ್ಯ ಆಯಿತು.

ನಮ್ಮ ಮಟ್ಟುಗುಳ್ಳದ ಗೊಜ್ಜಿಗೆ ಗುಳ್ಳವನ್ನು ಇದರಲ್ಲೇ ಬೇಯಿಸುತ್ತೇನೆ. 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತು ಸಿಕ್ಕಿದ ನಮ್ಮ ಹೆಮ್ಮೆಯ ಬದನೆ ಅದು. ಇಡಿಯಾಗಿ ಇಡುವಾಗ ಚಾಕುವಿನ ತುದಿಯಿಂದ ಸುತ್ತಲೂ ಆಳವಾಗಿ ಚುಚ್ಚಲೇಬೇಕು, ಇಲ್ಲದಿದ್ದರೆ ಸಿಪ್ಪೆ ಒಡೆದು ಸಿಡಿಯುತ್ತದೆ. ಮೈಗೆ ಎಣ್ಣೆ ಸವರಿ, ಗುಳ್ಳದ ಗಾತ್ರ ನೋಡಿ ಐದರಿಂದ ಏಳು ನಿಮಿಷ, ಅರ್ಧದಲ್ಲಿ ಮಗುಚಿ. ತೊಟ್ಟಿನ ಹತ್ತಿರ ಒತ್ತಿ ನೋಡಿ, ಅಲ್ಲಿ ಮೆತ್ತಗಾದರೆ ಬೆಂದಿದೆ. ಸುಟ್ಟ ಪರಿಮಳ ಮಾತ್ರ ಇದರಲ್ಲಿ ಬರುವುದಿಲ್ಲ. ಅದಕ್ಕೆ ಕೊನೆಗೆ ಗ್ಯಾಸಿನ ಉರಿಯಲ್ಲಿ ಎರಡು ನಿಮಿಷ ತಿರುಗಿಸುತ್ತೇನೆ. ಸಿಪ್ಪೆ ಕರಿಯಾಗಿ ಹೊಗೆ ವಾಸನೆ ಹಿಡಿದರೆ ಸಾಕು, ಒಳಗೆ ಮೊದಲೇ ಬೆಂದಿದೆಯಲ್ಲ.

ಹಲಸಿನ ಬೀಜಕ್ಕೂ ಇದೇ ಜಾಗ್ರತೆ. ಒಂದೊಂದಕ್ಕೂ ಕತ್ತಿಯಿಂದ ಗೀರು ಹಾಕದೆ ಇಟ್ಟರೆ ಪಟಾಕಿ ಹಾಗೆ ಒಡೆಯುತ್ತದೆ. ಗೆಣಸು, ಬಟಾಟೆಯನ್ನೂ ಚುಚ್ಚಿಯೇ ಇಡಿ.

ಮಲ್ಪೆ ಗಾಳಿ

ಮೀನನ್ನೂ ಇದರಲ್ಲೇ ಬೇಯಿಸಬಹುದು, ಬಿಸಿ ಮಾಡುವುದಕ್ಕಿಂತ ಅದೇ ಚೆನ್ನಾಗಿ ಬರುತ್ತದೆ. ಬಾಳೆಎಲೆಯ ತುಂಡನ್ನು ಒದ್ದೆ ಕೈಯಲ್ಲಿ ಒರೆಸಿ 20 ಸೆಕೆಂಡ್ ಒಳಗಿಡಿ. ಎಲೆ ಬಾಡಿ ಮೆತ್ತಗಾಗುತ್ತದೆ, ಮಡಚಿದರೆ ಹರಿಯುವುದಿಲ್ಲ. ಅಂಜಲ್‌ನ ಎರಡು ತುಂಡಿಗೆ ಉಪ್ಪು, ಅರಶಿನ, ಕಾಳುಮೆಣಸು, ಜಜ್ಜಿದ ಬೆಳ್ಳುಳ್ಳಿ, ಪುನರ್ಪುಳಿಯ ರಸ, ತೆಂಗಿನೆಣ್ಣೆ ಹಚ್ಚಿ ಎಲೆಯಲ್ಲಿ ಸುತ್ತಿ ಗಾಜಿನ ತಟ್ಟೆಯಲ್ಲಿಡಿ. ಎಲೆ ಸಿಕ್ಕಿಸಲು ಕಡ್ಡಿ ಸಾಕು, ಪಿನ್ ಬೇಡ. 70 ಪರ್ಸೆಂಟ್ ಪವರ್‌ನಲ್ಲಿ ಮೂರು ನಿಮಿಷ, ಮಗುಚಿ ಇನ್ನೊಂದು ನಿಮಿಷ, ಎರಡು ನಿಮಿಷ ಹಾಗೇ ಬಿಡಿ. ನಡುಮುಳ್ಳಿನ ಹತ್ತಿರ ಮಾಂಸ ಬೆಳ್ಳಗಾಗಿ ಪದರ ಪದರ ಬಿಡಬೇಕು. ಗಾಜಿನ ಹಾಗೆ ಪಾರದರ್ಶಕ ಕಂಡರೆ ಇನ್ನೂ ಅರ್ಧ ನಿಮಿಷ. ಬಿಚ್ಚುವಾಗ ಮುಖ ದೂರ ಇರಲಿ, ಒಳಗಿನ ಹಬೆ ಸುಡುತ್ತದೆ. ಸಿಗಡಿ ಮಾತ್ರ ತುಂಬಾ ಬೇಗ ಗಟ್ಟಿಯಾಗುತ್ತದೆ, ಬಣ್ಣ ತಿರುಗಿದ ಕೂಡಲೇ ನಿಲ್ಲಿಸಿ.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆಗ ಹೆಚ್ಚಿನವರ ಮನೆಯಲ್ಲಿ ಫ್ರೀಜರ್ ಮೀನು. ಡಿಫ್ರಾಸ್ಟ್ ಮಾಡುವಾಗ ಬಾಲದ ಕಡೆ ಬೆಂದು ಬೆಳ್ಳಗಾಗಿ, ನಡು ಕಲ್ಲಾಗಿಯೇ ಇರುವುದು ಯಾಕೆ ಅಂದರೆ, ಮಂಜುಗಡ್ಡೆ ಈ ಅಲೆಯನ್ನು ತುಂಬಾ ಕಮ್ಮಿ ಹೀರುತ್ತದೆ, ಕರಗಿದ ನೀರು ಚೆನ್ನಾಗಿ ಹೀರುತ್ತದೆ. ಮೊದಲು ಕರಗಿದ ಜಾಗವೇ ಎಲ್ಲ ಬಿಸಿಯನ್ನೂ ಎಳೆದುಕೊಳ್ಳುತ್ತದೆ. 30 ಪರ್ಸೆಂಟ್ ಪವರ್‌ನಲ್ಲಿ ಸ್ವಲ್ಪ ಸ್ವಲ್ಪವೇ ಇಟ್ಟು, ತುಂಡು ಬಿಡಿಸುತ್ತಾ, ಮಗುಚುತ್ತಾ ಹೋಗಿ. ಒಳಗೆ ಸ್ವಲ್ಪ ಮಂಜು ಇರುವಾಗಲೇ ತೆಗೆದು ಕೂಡಲೇ ಅಡುಗೆ ಮಾಡಿ. ಪುರುಸೊತ್ತು ಇದ್ದರೆ ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ತಟ್ಟಿನಲ್ಲಿಡುವುದು ಎಲ್ಲಕ್ಕಿಂತ ಒಳ್ಳೆಯದು.

ಮಣ್ಣಗುಡ್ಡೆ

ಇದರಲ್ಲಿ ಆಗದ್ದೂ ಉಂಟು. ಗೋಳಿಬಜೆ, ತವಾ ಫ್ರೈ ಮೀನು ಮೆತ್ತಗಾಗಿ ಗರಿ ಹೋಗುತ್ತದೆ. ಅವಕ್ಕೆ ಕಾವಲಿಯೇ ಸರಿ. ಬನ್ಸ್ ಹತ್ತು ಸೆಕೆಂಡ್ ಇಟ್ಟರೆ ಹೂವಿನ ಹಾಗೆ, ಆದರೆ ಆರಿದ ಮೇಲೆ ನಾರಿನ ಹಾಗೆ ಎಳೆಯಬೇಕು. ಕೂಡಲೇ ತಿನ್ನುವುದಾದರೆ ಮಾತ್ರ ಇಡಿ. ಕುಚ್ಚಲಕ್ಕಿ ಅನ್ನ ಮಾಡಲು ಹೋಗಬೇಡಿ, ಕಾಳು ನೀರು ಕುಡಿಯಲು ಬೇಕಾದ ಹೊತ್ತು ಬೇಕೇ ಬೇಕು, ಅಲೆ ಅದನ್ನು ಕಮ್ಮಿ ಮಾಡುವುದಿಲ್ಲ. ಕೆಸುವಿನ ಎಲೆಯ ಹಸಿ ಪತ್ರೊಡೆಯನ್ನೂ ಇದರಲ್ಲಿ ಬೇಯಿಸಬೇಡಿ. ಒಂದು ಕಡೆ ಅರೆಬೆಂದರೂ ಗಂಟಲು ತುರಿಸುತ್ತದೆ. ಬೆಂದ ಪತ್ರೊಡೆ, ಮೂಡೆ, ನೀರುದೋಸೆಯನ್ನು ನೀರು ಚಿಮುಕಿಸಿ ಒದ್ದೆ ಬಟ್ಟೆ ಮುಚ್ಚಿ ಬಿಸಿ ಮಾಡಿದರೆ ಈಗಷ್ಟೇ ಇಳಿಸಿದ ಹಾಗೆ ಇರುತ್ತದೆ. ಮಳೆಗಾಲದಲ್ಲಿ ಮೆತ್ತಗಾದ ಕೋರಿ ರೊಟ್ಟಿಗೆ ಅರ್ಧ ನಿಮಿಷ ಸಾಕು. ಹೊರಗೆ ತೆಗೆದು ಆರಲು ಬಿಡಿ, ಗರಿಗರಿ ಆಗುವುದು ಆರಿದ ಮೇಲೆಯೇ.

ಉರ್ವಸ್ಟೋರ್

ಮೈಕಾ ಹಾಳೆ ಬದಲಿಸಿದ ಮೇಲೆ ಕಿಡಿ ನಿಂತಿತು, ಕಲ್ಸಂಕ ಅಣ್ಣನಿಗೆ ಉಪಕಾರ. ಈಗ ಇನ್ನೊಂದು. ಹಳೇ ಮೆಷಿನ್, ನೀವೆಲ್ಲ ಹೇಳಿದ ಸಮಯಕ್ಕೆ ನಮ್ಮದರಲ್ಲಿ ಬೇಯುವುದಿಲ್ಲ. ಪವರ್ ಕಮ್ಮಿ ಆಗಿರಬಹುದಾ? ಮೀನು ವಾಸನೆ ಬೇರೆ.

ಕಲ್ಸಂಕ ರಿಪೇರಿ

ವಾಸನೆಗೆ ಒಂದು ಬಟ್ಟಲು ನೀರಿಗೆ ನಿಂಬೆ ಹೋಳು ಹಾಕಿ, ಮರದ ಚಮಚ ಇಟ್ಟು ಮೂರು ನಾಲ್ಕು ನಿಮಿಷ ಕುದಿಸಿ, ಐದು ನಿಮಿಷ ಬಾಗಿಲು ತೆರೆಯದೆ ಬಿಟ್ಟು ಒರೆಸಿ. ಒಣಗಿದ ಮಸಾಲೆಯೂ ಮೆತ್ತಗಾಗಿ ಬರುತ್ತದೆ. ಸ್ಟೀಲ್ ಸ್ಕ್ರಬ್ಬರ್‌ನಿಂದ ಉಜ್ಜಬೇಡಿ, ಪೇಂಟ್ ಹೋಗುತ್ತದೆ.

ಪವರ್ ನೀವೇ ಅಳೆಯಬಹುದು. ಗಾಜಿನ ಪಾತ್ರೆಯಲ್ಲಿ ಸರಿಯಾಗಿ ಒಂದು ಲೀಟರ್ ನೀರು ತಗೊಂಡು ಥರ್ಮಾಮೀಟರ್‌ನಲ್ಲಿ ಎಷ್ಟು ಡಿಗ್ರಿ ಉಂಟು ಬರೆದುಕೊಳ್ಳಿ. ಫುಲ್ ಪವರ್‌ನಲ್ಲಿ ಎರಡು ನಿಮಿಷ ಓಡಿಸಿ. ತೆಗೆದು ಚೆನ್ನಾಗಿ ಕಲಸಿ ಮತ್ತೆ ನೋಡಿ. ಎಷ್ಟು ಡಿಗ್ರಿ ಏರಿದೆಯೋ ಅದನ್ನು 35ರಿಂದ ಗುಣಿಸಿ, ಸುಮಾರಾಗಿ ಅಷ್ಟು ವಾಟ್ ಊಟಕ್ಕೆ ಸಿಗುತ್ತಿದೆ ಅಂತ ಅರ್ಥ. 20 ಡಿಗ್ರಿ ಏರಿದರೆ 700 ವಾಟ್. ಇಲ್ಲಿ ಬರೆದ ಸಮಯಗಳೆಲ್ಲ 900 ವಾಟ್ ಹತ್ತಿರದ ಮೆಷಿನ್‌ಗೆ. 700 ಇದ್ದರೆ ಸಮಯಕ್ಕೆ ಕಾಲು ಭಾಗದಷ್ಟು ಸೇರಿಸಿ.

ಸಂಜೆ ಹೊತ್ತು ವೋಲ್ಟೇಜ್ ಇಳಿದಿದ್ದರೂ ಬಿಸಿ ಕಮ್ಮಿ ಆಗುತ್ತದೆ. ಹಾಗಾಗಿ ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಅಳೆಯಿರಿ. ಎರಡೂ ಸಲ ಮೆಷಿನ್ ಮೇಲೆ ಬರೆದದ್ದಕ್ಕಿಂತ ತುಂಬಾ ಕಮ್ಮಿ ಬಂದರೆ ಮ್ಯಾಗ್ನೆಟ್ರಾನ್ ಸೋತಿರಬಹುದು. ಹಿಂದಿನ ಲೇಬಲ್‌ನ ಫೋಟೊ ಮತ್ತು ಎರಡು ಸಲದ ಲೆಕ್ಕ ಇಲ್ಲಿ ಹಾಕಿ. ಬದಲಿಸುವಷ್ಟು ಬೆಲೆ ಆ ಮೆಷಿನ್‌ಗೆ ಇದೆಯಾ ಅಂತ ನೋಡಿ ಹೇಳುತ್ತೇನೆ.